ಖಾಲಿ ಕರಡಿಗೆ

ಗೋಪಾಳ ಬಡಾವಣೆಯ ಶಂಕರಮ್ಮನ ದೇವರಮನೆಯಲ್ಲಿ ಬೆಳ್ಳಿ ತಟ್ಟೆಯಿಲ್ಲ, ದೀಪಗಳಿಲ್ಲ, ಅತ್ತೆಯ ಕಾಲದ ಬೆಳ್ಳಿ ಕರಡಿಗೆಯೂ ಇಲ್ಲ! ಕರಡಿಗೆಯೊಳಗಿನ ಇಷ್ಟಲಿಂಗ ಮಾತ್ರ ಮಣೆಯ ಮೇಲಿತ್ತು — ವಿಭೂತಿ ಹಚ್ಚಿ, ಬಿಳಿ ವಸ್ತ್ರದಲ್ಲಿ ಸುತ್ತಿ.

ಶಿವಮೊಗ್ಗದ ಪಿಎಸ್‌ಐ ಉಮಾಮಹೇಶ್ವರಿ ಮನೆಯವರನ್ನು ವಿಚಾರಿಸುತ್ತಿರುವಾಗಲೇ ಭದ್ರಾವತಿಯ ಠಾಣೆಯೊಂದರಿಂದ ಫೋನು ಬಂತು. ಕಳ್ಳ ಸಿಕ್ಕಿದ್ದನಂತೆ.

ಹೋದ ವಾರ ಶಂಕರಮ್ಮನ ಮನೆಗೆ ಬಣ್ಣ ಬಳಿದಿದ್ದ ಭದ್ರಾವತಿಯ ಶಿವಪ್ರಸಾದ್. ಯಾರೋ ಹೆಸರು ಹೇಳದೆ ಸುಳಿವು ಕೊಟ್ಟಿದ್ದರು. ಅವನ ಹಿತ್ತಲಲ್ಲಿ ಖಾಲಿ ಕರಡಿಗೆ ಸಿಕ್ಕಿತ್ತು. ಅವನ ಮೇಲೆ ಹಿಂದೊಂದು ಕೇಸಿತ್ತು, ಖುಲಾಸೆಯೂ ಆಗಿತ್ತು. ಖುಲಾಸೆಯ ಮಾತು ಯಾರಿಗೆ ಬೇಕು? ಬೀದಿಯೆಲ್ಲ ನೋಡುವಂತೆ ಜೀಪಿಗೆ ತುಂಬಿದ್ದರು.

ವಸ್ತು ಗುರುತಿಸಲು ಶಂಕರಮ್ಮನನ್ನೂ ಅವರ ಮನೆಯಲ್ಲೇ ಇದ್ದ ತಮ್ಮ ರುದ್ರೇಶನನ್ನೂ ಕರೆದುಕೊಂಡು ಉಮಾ ಭದ್ರಾವತಿಗೆ ಹೋದಳು.

"ಹೊಡೀರಿ ಸಾರ್. ಕದ್ದಿಲ್ಲ, ಒಪ್ಕೊಳ್ಳೋದೂ ಇಲ್ಲ," ಎನ್ನುತ್ತಿದ್ದ ಶಿವಪ್ರಸಾದ್. ತುಟಿ ಒಡೆದಿತ್ತು. ಉಮಾಳಿಗೆ ಮೈ ಉರಿಯಿತು.

"ನೋಟಿಸ್ ಕೊಟ್ರಾ ಸರ್? ಬಂಧನಕ್ಕೆ ಕಾರಣ ಹೇಳಿದ್ರಾ?"

ಇನ್ಸ್‌ಪೆಕ್ಟರ್ ಷಡಕ್ಷರಪ್ಪ ನಕ್ಕರು. "ಅದೆಲ್ಲ ನಿಮ್ಮ ಶಿವಮೊಗ್ಗದಲ್ಲಿ ಇಟ್ಕೊಳ್ಳಿ. ಇದು ಫ್ಯಾಕ್ಟರಿ ಊರು. ಸಂಜೆಯೊಳಗೆ ಒಬ್ಬ ಒಳಗಿಲ್ದಿದ್ರೆ ಜನ ಠಾಣೆ ಮುಂದೆ ಕೂರ್ತಾರೆ. ನಾನು ಬರೋ ಮೊದ್ಲಿಂದ ಇಲ್ಲಿ ಹೀಗೇ."

"ಕಾನೂನು ಒಂದೇ ಅಲ್ವಾ ಸರ್?"

"ಊರು ಬೇರೆ ಅಲ್ವಾ?"

"ಕಳ್ಳ ನಂಬಿದ್ದೂ ಅದನ್ನೇ." ಉಮಾ ಕರಡಿಗೆಯನ್ನು ಮೇಜಿನ ಮೇಲಿಟ್ಟಳು. "ಅವಸರದ ಕಳ್ಳ ಲಿಂಗ ತೆಗೆದು, ವಿಭೂತಿ ಹಚ್ಚಿಟ್ಟು ಹೋಗ್ತಾನಾ? ಉಳಿದ ಬೆಳ್ಳಿ ಮಾರೋಕೆ, ಇದು ಮಾತ್ರ ಬೇರೆಯವರ ಹಿತ್ತಲಿಗೆ ಎಸೆಯೋಕೆ. ಲಿಂಗ ಸಮೇತ ಎಸೆಯೋಕೆ ಅವನಿಗೆ ಧೈರ್ಯ ಬರಲಿಲ್ಲ. ನಿಮಗೆ ಬರುತ್ತಾ ಸರ್?"

ಷಡಕ್ಷರಪ್ಪನವರ ಕೈ ತಾನಾಗಿಯೇ ಎದೆಯ ಮೇಲಿನ ಶಿವದಾರಕ್ಕೆ ಹೋಯಿತು.

"ಶಿವಮೊಗ್ಗದಲ್ಲೇ ಎಸೆದಿದ್ರೆ ನಾವು ಮೊದ್ಲು ಮನೆಯವರನ್ನ ಕೇಳ್ತಿದ್ವಿ. ಇಲ್ಲಿ ಮೊದ್ಲು ಹಳೇ ಕೇಸಿನವರನ್ನ ಎಳ್ಕೊಂಡು ಬರ್ತೀರಿ. ಅದು ಗೊತ್ತಿದ್ದೋನು, ಲಿಂಗ ಕಟ್ಟಿದೋನು, ದೇವರಮನೆಗೆ ಸಲೀಸಾಗಿ ಹೋಗೋನು — ಯಾರು? ರುದ್ರೇಶ್, ಹಿಂದೆ ಈ ಠಾಣೆ ಎದುರು ಮೊಬೈಲ್ ಅಂಗಡಿ ಇಟ್ಟಿದ್ದೆ ಅಂತ ವಿಚಾರಣೇಲಿ ಹೇಳಿದ್ದೋರು ನೀವೇ ತಾನೆ?"

ರುದ್ರೇಶ್ ಶಂಕರಮ್ಮನತ್ತ ತಿರುಗಿದ. "ಅಕ್ಕಾ, ತಪ್ಪಾಯ್ತು..."

"ಲಾಕಪ್ಪಿಗೆ ಹಾಕ್ರೀ ಇವನನ್ನ! ನಾಲ್ಕು ಬಿಟ್ರೆ..." ಷಡಕ್ಷರಪ್ಪ ಗುಡುಗಿದರು.

"ಇಲ್ಲ ಸರ್. ಕೇಸು ನನ್ನದು. ಇವರ ಮೇಲೂ ಯಾರೂ ಕೈ ಮಾಡೋ ಹಾಗಿಲ್ಲ."

ಆಮೇಲೆ ಷಡಕ್ಷರಪ್ಪ ಶಿವಪ್ರಸಾದನತ್ತ ತಿರುಗಿ, "ಹಿಂದಿನ ಬಾಗಿಲಿಂದ ಹೊರಡು ಮಾರಾಯ," ಎಂದರು.

ಅವನು ಕದಲಲಿಲ್ಲ.

"ಕರ್ಕೊಂಡ್ ಬಂದಾಗ ಇಡೀ ಬೀದಿ ನೋಡಿದೆ ಸಾರ್. ಅದೇ ಜೀಪಲ್ಲಿ ವಾಪಸ್ ಬಿಡಿ. ಪಕ್ಕದಲ್ಲಿ ನೀವೇ ಕೂತಿರಬೇಕು."