ವೇಣೂರಿನ ತಂಪು ಹೆಜ್ಜೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಕಾಲಿಗೆ ತಾಗಿದ್ದನ್ನೇ ಹೇಳುತ್ತೇನೆ.

1998ರ ಏಪ್ರಿಲ್. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕಂಬ ಎಣಿಸಿ, ಲೆಕ್ಕ ತಪ್ಪಿ ನಕ್ಕು, ಜೀಪಿನಲ್ಲಿ ವೇಣೂರಿಗೆ ಬಂದಾಗ ನಡುಮಧ್ಯಾಹ್ನ. ಗೊಮ್ಮಟನ ಅಂಗಳಕ್ಕೆ ಚಪ್ಪಲಿ ಬಿಟ್ಟೇ ಹೋಗಬೇಕು. ಹಾಸುಗಲ್ಲು ಕಾದ ಕಾವಲಿಯಂತಿತ್ತು.

"ಕಾಲು ಬೇಯ್ತದೆ ಮಾರಾಯ್ತಿ, ಓಡುವ!" ಎಂದು ಅಣ್ಣ ವಸಂತ ನೆರಳಿಗೆ ಹಾರಿದ.

ತಂಗಿ ಮೋಕ್ಷಿತಾ ಮಾತ್ರ ಬಿಸಿಲಲ್ಲೇ ನಿಂತಿದ್ದಳು. "ಅಕ್ಕಾ, ಬಾ! ಇಲ್ಲಿ ತಂಪುಂಟು!"

ನಿಜವೇ. ಒಂದು ಪಾದದಷ್ಟೇ ಜಾಗ. ಒಂದು ಹೆಜ್ಜೆ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ಕಲ್ಲಿನಲ್ಲಿ ನೀರಿಲ್ಲ, ಗುರುತಿಲ್ಲ. ನಿಧಿ ಸಿಕ್ಕವರ ಹಾಗೆ ಕಾಲಿನಲ್ಲೇ ಹುಡುಕುತ್ತಾ ಇಬ್ಬರೂ ಗೊಮ್ಮಟನಿಗೆ ಸುತ್ತು ಬಂದೆವು. ಹೆಜ್ಜೆಗಳು ಹೊರಗೆ, ನಾವು ಚಪ್ಪಲಿ ಬಿಟ್ಟಲ್ಲಿ ಮುಗಿದವು. ಅಷ್ಟು ಹೊತ್ತು ಬಿಸಿಲಲ್ಲಿದ್ದ ನನ್ನ ಚಪ್ಪಲಿ ಮೆಟ್ಟಿದೆ. ಬಾವಿನೀರಿನಷ್ಟು ತಣ್ಣಗಿತ್ತು.

ಅಂದಿನಿಂದ ಸಿದ್ಧಕಟ್ಟೆಯ ನಮ್ಮ ಮನೆಯ ಸಿಮೆಂಟಿನ ಅಂಗಳ ಎಷ್ಟೇ ಸುಡಲಿ, ಹೊಸಿಲಿನೆದುರು ಎರಡು ಪಾದದಷ್ಟು ಜಾಗ ತಂಪಾಗಿಯೇ ಇರುತ್ತಿತ್ತು. ಹನ್ನೊಂದು ವರ್ಷ ಹಾಗೇ ಇತ್ತು.

2009ರ ಏಪ್ರಿಲಿನಲ್ಲಿ ಅಲ್ಲಿ ಕಾಲಿಟ್ಟೆ. ಸುಟ್ಟಿತು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಉರಿಯುವ ಒಲೆಯ ಮುಂದಿನಿಂದ ಮೋಕ್ಷಿತಾ ಖುಷಿಯಿಂದ ಕೂಗಿದಳು: "ಅಕ್ಕಾ, ಬಾ! ಇಲ್ಲಿ ತಂಪುಂಟು!"