ನೆಕ್ಕರೆ ಸೇಸಮ್ಮನ ಎರಡನೆಯ ಬಾಗಿಲು

ಒಂದಾನೊಂದು ಊರಿನಲ್ಲಿ ಒಬ್ಬಳು ಮುದುಕಿ ಇದ್ದಳಂತೆ. ಅವಳ ಕೂಲಿಯನ್ನೆಲ್ಲ ಅಂಗೈಯಗಲದ ಒಂದು ಹಲಗೆಯೊಳಗೆ ಇಟ್ಟಿದ್ದರಂತೆ. ಹಲಗೆಗೆ ಎರಡು ಬಾಗಿಲು. ಒಂದು ಬಾಗಿಲು ಅವಳ ಬೆರಳಿನ ಗುರುತು ಹಿಡಿಯುತ್ತಿತ್ತು. ಇನ್ನೊಂದು ಬಾಗಿಲು ಗಾಳಿಯಲ್ಲಿತ್ತು. ಅದು ಇದೆಯೆಂಬುದೇ ಅವಳಿಗೆ ಮರೆತುಹೋಗಿತ್ತು. ಒಂದು ದಿನ ಯಾರೋ ಗಾಳಿಯ ಬಾಗಿಲಿನಿಂದ ಒಳಗೆ ಬಂದರು.

ಅಜ್ಜಿಕತೆಯಾಗಿ ಹೇಳುವುದಾದರೆ ಇದು ಹೀಗೆ ಶುರುವಾಗುತ್ತಿತ್ತು. ಠಾಣೆಯ ದಾಖಲೆಯಲ್ಲಿ ಅದು 2025ರ ಫೆಬ್ರವರಿ 13, ಗುರುವಾರ ಬೆಳಿಗ್ಗೆ ಹತ್ತೂವರೆಗೆ ಶುರುವಾಗುತ್ತದೆ. ದೂರುದಾರರು: ಸೇಸಮ್ಮ, ವಯಸ್ಸು ಐವತ್ತೆಂಟು, ಬೆಳ್ತಂಗಡಿ ತಾಲೂಕು ಗುರುವಾಯನಕೆರೆ ಬಳಿಯ ನೆಕ್ಕರೆ ಮನೆ, ಬಂಟ್ವಾಳ ಕಡೆಯ ಗೇರುಬೀಜ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆಯವರು ಸಂಬಳವನ್ನು ಕೈಗೆ ಕೊಡುವುದಿಲ್ಲ, ಪ್ರೀಪೇಯ್ಡ್ ಕಾರ್ಡಿಗೆ ತುಂಬುತ್ತಾರೆ. ಏಳನೇ ತಾರೀಕು ತುಂಬಿದ ಸಂಬಳ ಹತ್ತನೇ ತಾರೀಕು ಎಟಿಎಮ್ಮಿನಲ್ಲಿ ಇರಲಿಲ್ಲ.

ಇನ್ಸ್‌ಪೆಕ್ಟರ್ ತ್ರಿಶಲಾ ಕಾರ್ಡನ್ನು ತಿರುಗಿಸಿ ನೋಡಿದರು.

"ಪಿನ್ ಯಾರಿಗೆ ಗೊತ್ತುಂಟು?"

"ನನಗೆ ಮಾತ್ರ."

"ಆನ್‌ಲೈನ್ ಖಾತೆ ಯಾರು ನೋಡಿಕೊಳ್ಳುವುದು?"

"ಅದು ಸೊಸೆ ದೀಪಶ್ರೀ ಮಾಡಿಕೊಟ್ಟದ್ದು, ಕಾರ್ಡು ಸಿಕ್ಕಿದ ವರ್ಷ. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ."

"ಹಾಗಾದರೆ ಸಂಶಯ ಯಾರ ಮೇಲೆ?"

ಸೇಸಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡರು. "ನನಗೆ ಯಾರ ಮೇಲೂ ಇಲ್ಲ. ನನ್ನ ಮಗಳು ಮೋಹಿನಿ ದೀಪಶ್ರೀಯ ಹೆಸರು ಹೇಳ್ತಾಳೆ. ಆದಿತ್ಯವಾರ ದೈವಸ್ಥಾನದಲ್ಲಿ ತೆಂಗಿನಕಾಯಿ ಮುಟ್ಟಿ ಆಣೆ ಹಾಕು ಅಂತ ಹೇಳಿದ್ದಾಳೆ. ಸೊಸೆ ಹಾಕುವುದಿಲ್ಲ ಅಂತಾಳೆ. ಹಾಕದಿದ್ದರೆ ತವರಿಗೆ ಹೋಗಬೇಕಂತೆ. ಮಗ ಲಾರಿಯಲ್ಲಿ ಹೋದವನು ಬರುವಾಗ ಇನ್ನೂ ಹತ್ತು ದಿನ ಉಂಟು."

"ನಾನೆಂತ ಮಾಡಬೇಕು?"

"ಹಣ ಸಿಕ್ಕಿದರೆ ಸಿಗಲಿ. ಆದಿತ್ಯವಾರ ನೀವು ಅಲ್ಲಿಗೆ ಬಂದು, ಯಾರು ಅಂತ ಎಲ್ಲರ ಎದುರು ಹೇಳಬೇಕು."

"ಅವಳೇ ಆಗಿದ್ದರೆ?"

"ಆದರೂ ನೀವೇ ಹೇಳಿ. ಮನೆಯವರು, ಊರವರು ಹೇಳುವುದು ಬೇಡ."

ಬರುತ್ತೇನೆಂದು ತ್ರಿಶಲಾ ಮಾತು ಕೊಟ್ಟರು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ತ್ರಿಶಲಾ, ಹೆಡ್ ಕಾನ್‌ಸ್ಟೆಬಲ್ ಹುಕ್ರಪ್ಪನೊಂದಿಗೆ ನೆಕ್ಕರೆ ಮನೆಗೆ ಹೋದರು. ಮೋಹಿನಿ ಅಂಗಳದಲ್ಲೇ ಎದುರಾದಳು. ಗುರುವಾಯನಕೆರೆ ಪೇಟೆಗೆ ಮದುವೆ ಮಾಡಿಕೊಟ್ಟ ಹೆಣ್ಣು, ತವರಿನ ವಿಷಯವೆಂದರೆ ದಿನಕ್ಕೆರಡು ಸಲ ಬರುವವಳು.

"ಕೇಳಿ ಮೇಡಂ, ಬಿಡಬೇಡಿ. ನಮ್ಮ ಅಮ್ಮನಿಗೆ ಫೋನಿನಲ್ಲಿ ಹಸಿರು ಯಾವುದು ಕೆಂಪು ಯಾವುದು ಅಂತ ಮಾತ್ರ ಗೊತ್ತು. ಈ ಮನೆಯಲ್ಲಿ ಕಲಿತವಳು ಒಬ್ಬಳೇ ಅಲ್ಲವಾ? ಕಲಿತದ್ದು ಹೀಗೆ ಉಪಯೋಗಕ್ಕೆ ಬಂತು."

ದೀಪಶ್ರೀ ಬಾಗಿಲ ಬಳಿ ನಿಂತಿದ್ದಳು. ತ್ರಿಶಲಾ ಅವಳನ್ನು ಬಾವಿಕಟ್ಟೆಯ ಕಡೆಗೆ ಕರೆದೊಯ್ದರು.

"ಹಣ ತೆಗೆದಿದ್ದೀರಾ?"

"ಇಲ್ಲ."

"ಮತ್ತೆ ಆಣೆ ಹಾಕಲಿಕ್ಕೆ ಎಂತ ಕಷ್ಟ?"

"ಹಣ ನನ್ನಿಂದ ಹೋಗಲಿಲ್ಲ ಅಂತ ಹೇಳಬೇಕಂತೆ ಮೇಡಂ. ತೆಗೆಯಲಿಲ್ಲ ಅಂತ ಬೇಕಾದರೆ ಹೇಳ್ತೇನೆ. ನನ್ನಿಂದ ಹೋಗಲಿಲ್ಲ ಅಂತ ದೈವದ ಎದುರು ಹೇಗೆ ಹೇಳುವುದು? ಖಾತೆ ಮಾಡಿದ್ದು ನಾನು, ನಂಬರ್ ಕೊಟ್ಟದ್ದು ನಾನು. ಎಲ್ಲಿ ಎಂತ ತಪ್ಪಿ ಹೋಯಿತೋ ನನಗೇ ಗೊತ್ತಿಲ್ಲ."

"ಯಾವ ನಂಬರ್?"

"ಅತ್ತೆಯದ್ದು. ಆ ಫೋನ್ ಬಾವಿಗೆ ಬಿತ್ತು. ಆಮೇಲೆ ರೀಚಾರ್ಜ್ ಮಾಡಲಿಲ್ಲ. ಸಿಮ್ ಸತ್ತು ಎರಡು ವರ್ಷ ಆಯಿತು."

"ಕಾರ್ಡಿನವರಿಗೆ ತಿಳಿಸಿದ್ದೀರಾ?"

ದೀಪಶ್ರೀ ಇಲ್ಲವೆಂದು ತಲೆಯಾಡಿಸಿದಳು. ಎಟಿಎಮ್ಮಿನಲ್ಲಿ ತಿಂಗಳು ತಿಂಗಳು ಹಣ ಬರುತ್ತಿತ್ತು. ತಿಳಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಮರುದಿನ ಬೆಳಿಗ್ಗೆ ತ್ರಿಶಲಾ ಮತ್ತು ಹುಕ್ರಪ್ಪ ಕಾರ್ಖಾನೆಗೆ ಹೋದರು. ಸಂಬಳದ ವಿಭಾಗದ ಮ್ಯಾನೇಜರು ಕಾರ್ಡ್ ಕಂಪನಿಯಿಂದ ಬಂದ ವಿವರವನ್ನು ಮುಂದಿಟ್ಟರು. ಎಂಟನೇ ತಾರೀಕು ಸಂಜೆ ಯಾರೋ ಆನ್‌ಲೈನ್ ಖಾತೆಯಲ್ಲಿ 'ಪಾಸ್‌ವರ್ಡ್ ಮರೆತಿದೆ' ಎಂಬುದನ್ನು ಒತ್ತಿದ್ದರು. ನೋಂದಾಯಿತ ಮೊಬೈಲಿಗೆ ಒಟಿಪಿ ಹೋಗಿತ್ತು. ನಂತರ ಒಂದು ಗುಟ್ಟಿನ ಪ್ರಶ್ನೆ: ನಿಮ್ಮ ಮನೆಯ ಹೆಸರೇನು? ಉತ್ತರ ಸರಿಯಾಗಿತ್ತು. ಹೊಸ ಪಾಸ್‌ವರ್ಡ್ ಸಿಕ್ಕಿತು, ಸಂಬಳ ಇನ್ನೊಂದು ಖಾತೆಗೆ ಹೋಯಿತು. ಆ ಖಾತೆ ಯಾರದೆಂಬ ಮಾಹಿತಿ ಬ್ಯಾಂಕಿನಿಂದ ಸೋಮವಾರಕ್ಕಿಂತ ಮೊದಲು ಸಿಗುವಂತಿರಲಿಲ್ಲ.

"ನಂಬರ್ ಬದಲಾದರೆ ತಿಳಿಸಿ ಅಂತ ನಾವು ಗೋಡೆಗೆ ನೋಟಿಸ್ ಅಂಟಿಸಿದ್ದೇವೆ ಮೇಡಂ," ಎಂದರು ಮ್ಯಾನೇಜರು.

"ಯಾವ ಭಾಷೆಯಲ್ಲಿ?"

"ಇಂಗ್ಲಿಷಿನಲ್ಲಿ."

ತ್ರಿಶಲಾ ಅದನ್ನೂ ಬರೆದುಕೊಂಡರು. ಹೊರಗೆ ಬಂದು ಹುಕ್ರಪ್ಪನ ಕಡೆ ತಿರುಗಿದರು. "ಆ ನಂಬರಿಗೆ ಒಮ್ಮೆ ಫೋನ್ ಮಾಡಿ."

"ಅದು ಸತ್ತ ಸಿಮ್ಮಲ್ಲವಾ ಮೇಡಂ?"

"ಸತ್ತದ್ದಕ್ಕೆ ಒಟಿಪಿ ಹೇಗೆ ಹೋಯಿತು?"

ಹುಕ್ರಪ್ಪ ಸ್ಪೀಕರ್ ಹಾಕಿ ಕರೆ ಮಾಡಿದ. ರಿಂಗಾಯಿತು. ಹುಡುಗಿಯ ದನಿ: "ಹಲೋ, ಯಾರು?"

"ಸೇಸಮ್ಮ ಇದ್ದಾರಾ?"

ಫ್ಯಾನ್ ತಿರುಗುವ ಸದ್ದು ಕೇಳಿಸಿತು. ಕರೆ ಕಡಿಯಿತು. ಮತ್ತೆ ಮಾಡಿದಾಗ ಫೋನ್ ಸ್ವಿಚ್ ಆಫ್.

"ರಾಂಗ್ ನಂಬರ್ ಅಂತ ಹೇಳಲಿಲ್ಲ ಮೇಡಂ," ಎಂದ ಹುಕ್ರಪ್ಪ.

ರೀಚಾರ್ಜ್ ಇಲ್ಲದೆ ಬಿದ್ದ ನಂಬರನ್ನು ಮೊಬೈಲ್ ಕಂಪನಿಯವರು ಕೆಲವು ಕಾಲದ ಮೇಲೆ ಬೇರೆಯವರಿಗೆ ಮಾರುತ್ತಾರೆ. ಎಸ್‌ಪಿ ಕಚೇರಿಯ ಮೂಲಕ ಶುಕ್ರವಾರ ಸಂಜೆ ವಿವರ ಬಂತು. ನಂಬರ್ ಕಳೆದ ಜೂನ್‌ನಿಂದ ಪ್ರಾಪ್ತಿ ಎಂಬ ಇಪ್ಪತ್ತಮೂರು ವರ್ಷದ ಹುಡುಗಿಯ ಹೆಸರಿನಲ್ಲಿತ್ತು. ವಿಳಾಸ ಮೂಡುಬಿದಿರೆ ಬಳಿಯ ಪುತ್ತಿಗೆ. ಅವಳಿಗೂ ದೀಪಶ್ರೀಗೂ ನಡುವೆ ಒಂದು ಕರೆಯೂ ಹೋಗಿರಲಿಲ್ಲ.

ಸಿಮ್ ಮತ್ತು ಗುಟ್ಟಿನ ಪ್ರಶ್ನೆಯ ಸುದ್ದಿ ತಿಳಿದ ಮೋಹಿನಿ ಠಾಣೆಗೇ ಫೋನ್ ಮಾಡಿದಳು. "ಸಿಮ್ ಆ ಹುಡುಗಿಯದ್ದು, ಸರಿ. ನಮ್ಮ ಮನೆಯ ಹೆಸರು ಅವಳಿಗೆ ಕನಸಿನಲ್ಲಿ ಬಂತಾ? ಒಳಗಿನವರು ಹೇಳದೆ ಗೊತ್ತಾಗ್ತದಾ ಮೇಡಂ?"

ತ್ರಿಶಲಾ ಫೋನ್ ಇಟ್ಟರು. ಅದು ಅವರದೇ ಪ್ರಶ್ನೆಯಾಗಿತ್ತು.

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ಪ್ರಾಪ್ತಿ ಮೂಡುಬಿದಿರೆಯ ಒಂದು ಫರ್ನಿಚರ್ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸದಲ್ಲಿದ್ದಳು. ತ್ರಿಶಲಾರ ಜೊತೆ ಬಂದ ಮಹಿಳಾ ಕಾನ್‌ಸ್ಟೆಬಲ್ ರಶೀನಾ ಸಮವಸ್ತ್ರದಲ್ಲಿ ಒಳಗೆ ಕಾಲಿಟ್ಟ ಕೂಡಲೇ ಪ್ರಾಪ್ತಿಯ ಕೈಯ ಪೆನ್ನು ನಿಂತಿತು. ಮಾಲಕರು ಇರಲಿಲ್ಲ. ಪ್ಲಾಸ್ಟಿಕ್ ಬಿಚ್ಚದ ಸೋಫಾಗಳು ರಾಜಕುಮಾರಿಗಾಗಿ ಕಾಯುತ್ತಿರುವ ಸಿಂಹಾಸನಗಳ ಹಾಗೆ ಸಾಲಾಗಿ ನಿಂತಿದ್ದವು.

"ಈ ನಂಬರ್ ನಿಮ್ಮದಾ?" ಕೇಳಿದರು ತ್ರಿಶಲಾ.

"ಹೌದು."

"ಸೇಸಮ್ಮ ಯಾರು?"

"ನೋಡಿಲ್ಲ."

"ನೋಡದವರ ಹೆಸರು ಕೇಳಿ ಫೋನ್ ಯಾಕೆ ಇಟ್ಟದ್ದು?"

ಪ್ರಾಪ್ತಿ ಸೋಫಾದ ಅಂಚಿನಲ್ಲಿ ಕುಳಿತಳು. ಪ್ಲಾಸ್ಟಿಕ್ ಪರಪರ ಎಂದಿತು. ಕುಳಿತದ್ದು ತಪ್ಪಾಯಿತೇನೋ ಎಂಬಂತೆ ಮತ್ತೆ ಎದ್ದಳು.

"ಪ್ರತಿ ತಿಂಗಳು ಏಳನೇ ತಾರೀಕು ಮೆಸೇಜ್ ಬರ್ತದೆ ಮೇಡಂ. ಸೇಸಮ್ಮ, ನಿಮ್ಮ ಸಂಬಳ ಜಮಾ ಆಗಿದೆ ಅಂತ. ಒಂದು ದಿನ ಕೂಡ ತಡ ಇಲ್ಲ. ಆ ಕಾರ್ಖಾನೆಯ ಬಸ್ಸಿನ ಮೆಸೇಜೂ ನನಗೇ ಬರ್ತಿತ್ತು. ಗುರುವಾಯನಕೆರೆ ಬಸ್ ನಾಳೆ ಅರ್ಧ ಗಂಟೆ ಬೇಗ, ಹಾಗೆಲ್ಲ. ಪಾಪ, ಆ ಹೆಂಗಸಿಗೆ ಬಸ್ ತಪ್ಪುತ್ತದೇನೋ ಅಂತ ಅನ್ನಿಸಿತು. ಡಿಸೆಂಬರಿನಲ್ಲಿ ಅಂಗಡಿಗೆ ರಜೆ ಇದ್ದ ಒಂದು ಮಂಗಳವಾರ ಹೇಳಲಿಕ್ಕೆ ಅಂತ ಹೋದೆ."

"ಎಲ್ಲಿಗೆ?"

"ಅವರ ಮನೆಗೆ. ಗುರುವಾಯನಕೆರೆಯಲ್ಲಿ ಇಳಿದು ಜ್ಯೂಸ್ ಅಂಗಡಿಯ ಹತ್ತಿರ ಕೇಳಿದೆ. ಗೇರುಬೀಜ ಕಾರ್ಖಾನೆಗೆ ಹೋಗುವ ಸೇಸಮ್ಮ ಅಂತ. ಯಾವ ಸೇಸಮ್ಮ, ನೆಕ್ಕರೆ ಸೇಸಮ್ಮನಾ, ಅಂದರು. ದಾರಿ ಹೇಳಿದರು. ಹೋದೆ. ಬಾಗಿಲಿಗೆ ಬೀಗ ಇತ್ತು. ಇನ್ನೊಮ್ಮೆ ಬರುವ ಅಂತ ವಾಪಸ್ ಬಂದೆ."

"ಇನ್ನೊಮ್ಮೆ ಹೋಗಲಿಲ್ಲ."

"ಇಲ್ಲ." ಅವಳೇ ಮುಂದುವರಿಸಿದಳು. "ಇಲ್ಲಿ ಅಕ್ಟೋಬರಿನಿಂದ ಸಂಬಳ ಕೊಡಲಿಲ್ಲ. ಮದುವೆ ಸೀಸನ್ ಬರಲಿ, ಸೋಫಾ ಹೋಗಲಿ, ಕೊಡ್ತೇನೆ ಅಂತಾರೆ. ಸಂಬಳ ಇಲ್ಲ ಅಂತ ಗೊತ್ತಾದರೆ ಅಪ್ಪ ಕೆಲಸ ಬಿಡಿಸ್ತಾರೆ. ಮೊದಲು ಕೂಡಿಟ್ಟದ್ದನ್ನು ಅಮ್ಮನಿಗೆ ಕಳಿಸಿದೆ. ಆಮೇಲೆ ಕಿವಿಯದ್ದನ್ನು ಅಡವಿಟ್ಟೆ. ಈ ಸಲ ಎಂತದ್ದೂ ಇರಲಿಲ್ಲ. ಏಳನೇ ತಾರೀಕು ಮೊಬೈಲ್ ಟಿಣ್ ಅಂದಾಗ, ಒಂದು ಗಳಿಗೆ ನನ್ನದೇ ಅಂತ ತಿಳ್ಕೊಂಡೆ."

"ಆಮೇಲೆ?"

"ಮರುದಿನ ಸುಮ್ಮನೆ ಒತ್ತಿ ನೋಡಿದೆ. ಒಟಿಪಿ ನನಗೇ ಬಂತು. ಮತ್ತೆ ಪ್ರಶ್ನೆ ಬಂತು. ಓದಿ ನಗು ಬಂತು ಮೇಡಂ. ಉತ್ತರ ನನಗೆ ಗೊತ್ತಿತ್ತು."

"ಸೇಸಮ್ಮನಿಗೂ ಒಂದು ಮನೆ ಉಂಟಲ್ಲವಾ?"

"ಉಂಟು," ಎಂದಳು ಪ್ರಾಪ್ತಿ. "ನೋಡಿದ್ದೇನೆ."

ಪಕ್ಕದ ಅಂಗಡಿಗಳ ಇಬ್ಬರನ್ನು ಪಂಚ ಸಾಕ್ಷಿಗಳಾಗಿ ಕರೆಯಿಸಿ, ಪಂಚನಾಮೆ ಮಾಡಿ ಮೊಬೈಲನ್ನು ವಶಕ್ಕೆ ತೆಗೆದುಕೊಳ್ಳಲಾಯಿತು. ಹಣ ಹೋದದ್ದು ಅವಳ ತಾಯಿಯ ಖಾತೆಗೆ. ಅದರ ಜೊತೆ ಹೋದ ಸಂದೇಶವೂ ಮೊಬೈಲಿನಲ್ಲಿತ್ತು: ಸಂಬಳ ಬಂತು ಅಮ್ಮ. ಮಧ್ಯಾಹ್ನ ಒಂದೂಕಾಲಕ್ಕೆ ಬಂಧನ ದಾಖಲಾಯಿತು. ತಾಯಿಗೆ ರಶೀನಾ ಫೋನ್ ಮಾಡಿ ತಿಳಿಸಿದಳು. ಮೂರು ಸಲ ಹೇಳಬೇಕಾಯಿತು. ಸಂಬಳ ಕೊಡದ ಮಾಲಕರ ಬಗ್ಗೆ ಕಾರ್ಮಿಕ ಇಲಾಖೆಗೆ ಪತ್ರ ಬರೆಯುವಂತೆ ತ್ರಿಶಲಾ ಹುಕ್ರಪ್ಪನಿಗೆ ಹೇಳಿದರು.

ತಪ್ಪೊಪ್ಪಿಗೆಯ ಮಾತು ಮಾತ್ರ ಸಾಲದು. ಮರಳುವಾಗ ಜೀಪು ಗುರುವಾಯನಕೆರೆಯ ಜ್ಯೂಸ್ ಅಂಗಡಿಯ ಎದುರು ನಿಂತಿತು. ಅಂಗಡಿಯ ಬೀಫಾತಿಮಾ, ಹಿಂದಿನ ಸೀಟಿನಲ್ಲಿ ರಶೀನಾಳ ಪಕ್ಕ ಕುಳಿತಿದ್ದ ಹುಡುಗಿಯನ್ನು ಬಗ್ಗಿ ನೋಡಿದರು.

"ಬಂದಿದ್ದಾಳೆ ಮೇಡಂ. ಲಿಂಬೆ ಜ್ಯೂಸ್ ಕುಡಿದು, ಒಬ್ಬರ ಮನೆ ಕೇಳಿದಳು."

"ಮನೆ ಹೇಳಿದ್ದು ನೀವಾ?"

"ನಾನಲ್ಲಪ್ಪ. ನನಗೆ ಗಿರಾಕಿ ಇತ್ತು. ಇಲ್ಲಿ ನಿಂತಿದ್ದ ಮೋಹಿನಿ ಹೇಳಿದಳು. ಅದು ನನ್ನ ತವರು ಮಾರಾಯ್ತಿ ಅಂತ, ತಿರುವಿನವರೆಗೂ ಹೋಗಿ ದಾರಿ ತೋರಿಸಿ ಬಂದಳು."

ಹುಕ್ರಪ್ಪ ಕೆಮ್ಮಿದ. ತ್ರಿಶಲಾ ಬೀಫಾತಿಮಾರ ಹೇಳಿಕೆಯನ್ನು ಅಲ್ಲೇ ಬರೆಸಿಕೊಂಡರು. ಸಂಜೆ ಮೋಹಿನಿಯ ಹೇಳಿಕೆಯೂ ಬೇಕಾಯಿತು. ಅವಳ ಮನೆಯ ಜಗಲಿಯಲ್ಲಿ ಕುಳಿತು, ಪ್ರಾಪ್ತಿಯ ಫೋಟೋ ತೋರಿಸಿದರು. ಮೋಹಿನಿ ತುಂಬ ಹೊತ್ತು ನೋಡಿದಳು.

"ಬಿಸಿಲಲ್ಲಿ ಬಂದಿದ್ದಳು," ಎಂದಳು ಕೊನೆಗೆ. "ಅಷ್ಟು ದೂರದಿಂದ ಬಂದವಳಿಗೆ ದಾರಿ ಹೇಳದೆ ಇರಲಿಕ್ಕೆ ಆಗ್ತದಾ ಮೇಡಂ?"

"ಆಗುವುದಿಲ್ಲ. ದಾರಿ ಹೇಳಿದ್ದು ತಪ್ಪಲ್ಲ."

"ಮತ್ತೆ?"

"ಮತ್ತೆ ಎಂತ ಇಲ್ಲ. ಬರೆದದ್ದು ಸರಿಯಾ, ಓದಿ ನೋಡಿ."

ಆದಿತ್ಯವಾರ ಬೆಳಿಗ್ಗೆ ಪ್ರಾಪ್ತಿಯನ್ನು ಮ್ಯಾಜಿಸ್ಟ್ರೇಟರ ಮನೆಯಲ್ಲಿ ಹಾಜರುಪಡಿಸಲು ರಶೀನಾ ಒಂದು ವಾಹನದಲ್ಲಿ ಹೊರಟಳು. ತ್ರಿಶಲಾ ಹುಕ್ರಪ್ಪನೊಂದಿಗೆ ಇನ್ನೊಂದು ವಾಹನದಲ್ಲಿ ದೈವಸ್ಥಾನಕ್ಕೆ ಬಂದರು. ಅಂಗಳದಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದ ಇನ್ಸ್‌ಪೆಕ್ಟರನ್ನು ಕಂಡು ಜನ ದಾರಿ ಬಿಟ್ಟರು. ತೆಂಗಿನಕಾಯಿ ಮಣೆಯ ಮೇಲಿತ್ತು. ಸೇಸಮ್ಮ ಸೊಸೆಯ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು.

"ಹಣ ತೆಗೆದದ್ದು ದೀಪಶ್ರೀ ಅಲ್ಲ," ಎಂದರು ತ್ರಿಶಲಾ. "ತೆಗೆದವಳು ಸಿಕ್ಕಿದ್ದಾಳೆ, ಒಪ್ಪಿಕೊಂಡಿದ್ದಾಳೆ. ದೀಪಶ್ರೀಗೆ ಅವಳ ಗುರುತೇ ಇಲ್ಲ."

ಸೇಸಮ್ಮ ಕಣ್ಣು ಮುಚ್ಚಿದರು. ದೀಪಶ್ರೀ ಮಾತ್ರ ಅಲ್ಲಾಡಲಿಲ್ಲ.

"ನನ್ನ ತಪ್ಪನ್ನೂ ಹೇಳಿ ಮೇಡಂ."

"ಹೇಳ್ತೇನೆ. ನಂಬರ್ ಬಿಟ್ಟಾಗ ಕಾರ್ಡಿನವರಿಗೆ ತಿಳಿಸಲಿಲ್ಲ. ಊರಿಗೆಲ್ಲ ಗೊತ್ತಿರುವ ಹೆಸರನ್ನು ಗುಟ್ಟಿನ ಉತ್ತರ ಮಾಡಿಟ್ಟಿರಿ. ಇದು ತಪ್ಪು, ಕಳ್ಳತನ ಅಲ್ಲ. ಎರಡನ್ನೂ ಬೇರೆ ಬೇರೆ ಬರೆದಿದ್ದೇನೆ."

"ಮನೆಯ ಹೆಸರು ಅವಳಿಗೆ ಹೇಳಿದ್ದು ಯಾರು?" ಹಿಂದಿನಿಂದ ಯಾರೋ ಕೇಳಿದರು.

ತ್ರಿಶಲಾ ಬಾಯಿ ತೆರೆಯುವ ಮೊದಲೇ ಮೋಹಿನಿ ಮುಂದೆ ಬಂದಳು. ಮುಖ ಬಾಡಿತ್ತು.

"ನಾನು," ಎಂದಳು. "ಜ್ಯೂಸ್ ಅಂಗಡಿಯ ಹತ್ತಿರ ನಾನೇ ಹೇಳಿದ್ದು." ದೀಪಶ್ರೀಯ ಕಡೆ ನೋಡಲು ಹೋಗಿ, ನೋಡಲಾಗದೆ, ಮಣೆಯ ಮೇಲಿದ್ದ ತೆಂಗಿನಕಾಯಿಯನ್ನು ಎತ್ತಿಕೊಂಡು, ಇನ್ನು ಆಣೆ ಬೇಡ ಎಂಬಂತೆ ಸೆರಗಿನೊಳಗೆ ಹಾಕಿಕೊಂಡಳು.

ಯಾರೂ ಅವಳನ್ನು ತಡೆಯಲಿಲ್ಲ. ತ್ರಿಶಲಾ ಸೇಸಮ್ಮನ ಕಡೆ ನೋಡಿದರು. ಸೇಸಮ್ಮ ಸಾಕೆಂಬಂತೆ ತಲೆಯಾಡಿಸಿದರು. ಕೊಟ್ಟ ಮಾತು ಅಲ್ಲಿಗೆ ಮುಗಿದಿತ್ತು. ಇನ್ಸ್‌ಪೆಕ್ಟರ್ ಚಪ್ಪಲಿ ಮೆಟ್ಟಿಕೊಂಡು ಜೀಪಿನ ಕಡೆ ನಡೆದರು.