ಉಡಿ ತುಂಬದೆ ಹೊರಡದ ಕಾರು

ಇದು ನಡೆದದ್ದು ಮಟಮಟ ಮಧ್ಯಾಹ್ನ. ಕತ್ತಲಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ಅವ್ವ ಕಸ್ತೂರೆವ್ವ ತೀರಿಕೊಂಡ ಮೇಲೆ ಮೊದಲ ಸಲ ಯಳವತ್ತಿಯ ತವರಿಗೆ ಹೋಗಿದ್ದೆ. ಎಂಥ ಹೆಂಗಸು ಅವಳು! ನಾನು ಉಡಿ ತುಂಬಿಸಿಕೊಳ್ಳದೆ ಹೊರಟೆನೆಂದು ಒಮ್ಮೆ ಬಸ್ಸಿಗೇ ಅಡ್ಡ ನಿಂತು, ಒಳಗೆ ಹತ್ತಿ, ಸೀಟಿನಲ್ಲೇ ನನ್ನ ಸೆರಗಿಗೆ ಅರಿಶಿನ ಕಲಸಿದ ಅಕ್ಕಿ ಸುರಿದವಳು.

ಬೆಳಿಗ್ಗೆಯೇ ನನ್ನ ಎಲೆಕ್ಟ್ರಿಕ್ ಕಾರನ್ನು ಚಾರ್ಜಿಗೆ ಹಾಕಿದ್ದೆ. ಮಗಳ ಶಾಲೆ ಬಿಡುವುದರೊಳಗೆ ಗದಗ ಮುಟ್ಟಬೇಕಿತ್ತು. ಊಟವಾದದ್ದೇ ಕೇಬಲ್ ಕಿತ್ತು ಡಿಕ್ಕಿಗೆ ಹಾಕಿ, ಚಾರ್ಜಿಂಗ್ ಮುಚ್ಚಳ ಒತ್ತಿ ಹೊರಟೆ. ಕಾರು ಕದಲಲಿಲ್ಲ. ಪರದೆಯ ಮೇಲೆ ಕೆಂಪಕ್ಷರ: ಕೇಬಲ್ ಇನ್ನೂ ಜೋಡಿಸಿದೆ. ಆಫ್ ಮಾಡಿ ಆನ್ ಮಾಡಿದರೂ ಅದೇ. ಇಳಿದು ಮುಚ್ಚಳ ಮುಟ್ಟಿದೆ. ಆ ಬಿಸಿಲಿನಲ್ಲೂ ಅದು ಮಣ್ಣಿನ ಹರವಿಯ ನೀರಿನಷ್ಟು ತಣ್ಣಗಿತ್ತು.

ಅಣ್ಣನ ಹೆಂಡತಿ ಶೈಲಾ ಓಡಿ ಬಂದಳು. “ಕಾಂಚನಾ, ಗಡಿಬಿಡ್ಯಾಗ ಉಡಿ ತುಂಬೂದ ಮರತೆ ನೋಡವಾ!”

“ವೈನಿ, ಮೊದಲ ಕಾರ್ ಚಾಲೂ ಆಗಬೇಕ್ರಿ.”

“ಅದು ಹಂಗ ಇರವಲ್ದ್ಯಾಕ, ನೀ ಒಳಗ ಬಾ.”

ದೇವರ ಮುಂದೆ ಕೂಡಿಸಿ ಅಕ್ಕಿ, ಕೊಬ್ಬರಿ, ಎಲೆ-ಅಡಿಕೆ ಹಾಕಿದಳು. ತಿರುಗಿ ಬಂದು ಬಟನ್ ಒತ್ತಿದೆ. ಕೆಂಪಕ್ಷರ ಇರಲಿಲ್ಲ. ಕಾರು ಹೊರಟಿತು.

ಸಂಜೆ ಗದಗಿನ ಮನೆಯಲ್ಲಿ ಮತ್ತೆ ಚಾರ್ಜಿಗೆ ಹಾಕಲು ಮುಚ್ಚಳ ತೆರೆದೆ. ಒಳಗೆ ಒಂದು ಚಿಟಿಕೆ ಅಕ್ಕಿ, ಅರಿಶಿನ ಕಲಸಿದ್ದು. ವೈನಿಗೆ ಫೋನ್ ಮಾಡಿದೆ.

“ನಾ ಕಾರ್ ಮುಟ್ಟೇ ಇಲ್ಲವಾ. ನಿನ್ನ ಉಡಿಗೂ ಬರೇ ಬಿಳಿ ಅಕ್ಕಿ ಹಾಕೀನಿ,” ಅಂದಳು.

ನನ್ನ ಬೆರಳಿಗೆ ಹತ್ತಿದ ಅರಿಶಿನ ಇನ್ನೂ ಹಸಿಯಾಗಿತ್ತು.